ಭಿನ್ನ ರೀತಿಯಲ್ಲಿ ಪ್ರಾರ್ಥಿಸುವ ಹೊಸಬರ ಕುರಿತು

ಮೌನವಾಗಿ ಪ್ರಾರ್ಥಿಸುವ ನಿಮಗೆ, ಕೈಯೆತ್ತಿ ಗಟ್ಟಿಯಾಗಿ ಪ್ರಾರ್ಥಿಸುವ ಹೊಸಬರನ್ನು ನಿಮ್ಮ ಪ್ರಾರ್ಥನಾ ಗುಂಪಿಗೆ ಸ್ವೀಕರಿಸಿದರೆ ನಂಬಿಕೆ ಸಡಿಲವಾದೀತೆಂಬ ಅಳುಕು ಹುಟ್ಟಿರುವುದು, ಬಹುಶಃ ರೂಢಿಯನ್ನೇ ಸಿದ್ಧಾಂತವೆಂದು ಎಣಿಸಿದ್ದರಿಂದ; ನನಗೂ ಹಾಗೆಯೇ ಆಗಿತ್ತು. ಮೊದಲು ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನು ಓದಿ: ಕಾಯಿಪಲ್ಯವನ್ನಷ್ಟೇ ತಿನ್ನುವವನನ್ನೂ ಎಲ್ಲವನ್ನೂ ತಿನ್ನುವವನನ್ನೂ ಅವನು ಒಂದೇ ಪದ್ಧತಿಗೆ ಎಳೆಯದೆ, ಪರಸ್ಪರ ತೀರ್ಪು ಮಾಡಬಾರದೆನ್ನುತ್ತಾನೆ. ಆಮೇಲೆ ಅವನೇ ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯ: ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಊಟ ಮಾಡುತ್ತಿದ್ದ ಯೇಸುವಿನ ಶಿಷ್ಯ ಪೇತ್ರನು, ಯೆರೂಸಲೇಮಿನ ಸಭೆಯ ಮುಖಂಡನಾದ ಯಾಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದಾಗ, ಪೌಲನು ಅವನನ್ನು ಎದುರಿನಲ್ಲೇ ಖಂಡಿಸಿದನು. (ಹಿಂದೆ ಅನ್ಯಜನನಾದ ಕೊರ್ನೇಲ್ಯನ ಮನೆಗೆ ಹೋಗಿಬಂದ ಪೇತ್ರನೇ ಹೀಗೆ ಎಡವಿದ್ದು ನನಗೆ ತುಸು ಸಮಾಧಾನ ತಂದಿತ್ತು.) ಬಳಿಕ ಮುಂದಿನ ಕೂಟದಲ್ಲಿ ಆ ಹೊಸಬರ ಪಕ್ಕದಲ್ಲೇ ಕುಳಿತು, ಹಾಗೆ ಪ್ರಾರ್ಥಿಸಲು ಯಾರಿಂದ ಕಲಿತಿರೆಂದು ಕೇಳಿ, ತಿದ್ದಲು ಹೋಗಬೇಡಿ. ಗುಂಪಿನ ಉಳಿದವರು ಒಪ್ಪುವರೋ ಇಲ್ಲವೋ ಹೇಳಲಾರೆ. ಯಾರಾದರೂ ಆಕ್ಷೇಪಿಸಿದರೆ, ಅದನ್ನು ಹೊಸಬರ ಬೆನ್ನ ಹಿಂದೆ ಆಡದೆ ಅವರೆದುರಿನಲ್ಲೇ ಹೇಳುವಂತೆ ಕೋರಿ.