ನೋಟರಿ ಮುದ್ರೆ ಬಿದ್ದರೆ ನೋಂದಣಿ ಆದಂತೆಯೇ?

ಪ್ರಶ್ನೆ: ಮೂವರು ಸೇರಿ ಆಲೆಮನೆ ನಡೆಸಿ ಬೆಲ್ಲ ಮಾರುತ್ತಿದ್ದೇವೆ. ಛಾಪಾ ಕಾಗದದಲ್ಲಿ ಪಾಲುದಾರಿಕೆ ಪತ್ರ ಬರೆಸಿ ನೋಟರಿ ಮಾಡಿಸಿದ್ದೇವೆ. ಉದ್ದರಿ ಒಯ್ದ ಮೈಸೂರಿನ ವ್ಯಾಪಾರಿ 4 ಲಕ್ಷ ರೂಪಾಯಿ ಕೊಡುತ್ತಿಲ್ಲ. ದಾವೆ ಹೂಡಬಹುದೇ?
– ಓದುಗರು, ಪಾಂಡವಪುರ

ಉತ್ತರ: ಇವತ್ತೇ ಹೂಡಬೇಡಿ, ವಜಾ ಆಗುತ್ತದೆ. ನೋಟರಿ ಪತ್ರ ನಿಮ್ಮ ಮೂವರ ಒಪ್ಪಂದಕ್ಕೆ ಪುರಾವೆ ಅಷ್ಟೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಸಂಸ್ಥೆಯ ನೋಂದಣಿಯನ್ನು ಕಡ್ಡಾಯ ಮಾಡಿಲ್ಲ. ಅದನ್ನೇ ನಂಬಿ ಬಹಳ ಜನ ಸುಮ್ಮನಿದ್ದುಬಿಡುತ್ತಾರೆ. ಆದರೆ 69ನೇ ಸೆಕ್ಷನ್ ಪ್ರಕಾರ, ನೋಂದಣಿಯಾಗದ ಸಂಸ್ಥೆ ಒಪ್ಪಂದದಿಂದ ಬರಬೇಕಾದ ಹಣಕ್ಕೆ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಹೊರಗಿನವರು ನಿಮ್ಮ ಮೇಲೆ ಹೂಡಲು ಅಡ್ಡಿಯಿಲ್ಲ. ದಾವೆ ಹಾಕಿದ ಮೇಲೆ ನೋಂದಾಯಿಸಿದರೂ ಆ ದಾವೆ ಉಳಿಯದು. ಹೂಡುವ ದಿನಕ್ಕೆ ನೋಂದಣಿಯೂ ಇರಬೇಕು, ಮೂವರ ಹೆಸರೂ ರಿಜಿಸ್ಟರಿನಲ್ಲಿ ಇರಬೇಕು.

ಹಳೆಯ ಬಾಕಿಯಾದರೂ ಮೊದಲು ನೋಂದಾಯಿಸಿ ಆಮೇಲೆ ಹೂಡಬಹುದು. ಕಾಲಮಿತಿ 3 ವರ್ಷ: ಉದ್ದರಿಗೆ ಗಡುವು ಹೇಳಿದ್ದರೆ ಅದು ಮುಗಿದ ದಿನದಿಂದ, ಇಲ್ಲದಿದ್ದರೆ ಮಾಲು ಕೊಟ್ಟ ದಿನದಿಂದ. ಅಷ್ಟರೊಳಗೆ ಆತ ಬಾಕಿ ಒಪ್ಪಿ ಸಹಿ ಹಾಕಿಕೊಟ್ಟರೆ ಅಲ್ಲಿಂದ ಮತ್ತೆ 3 ವರ್ಷ ಸಿಗುತ್ತದೆ. ಆದ್ದರಿಂದ ಲೆಕ್ಕದ ಚೀಟಿಗೆ ಸಹಿ ಪಡೆಯುವ ಪ್ರಯತ್ನವನ್ನು ಈಗಲೇ ಮಾಡಿ. ಮೊತ್ತ 3 ಲಕ್ಷ ಮೀರಿರುವುದರಿಂದ ಇದು ವಾಣಿಜ್ಯ ದಾವೆ. ತುರ್ತು ಮಧ್ಯಂತರ ಆದೇಶ ಬೇಡವಾದರೆ, ದಾವೆಗೆ ಮುನ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಎಷ್ಟೋ ಪ್ರಕರಣ ಅಲ್ಲೇ ಇತ್ಯರ್ಥವಾಗುತ್ತದೆ.

ನೋಂದಣಿ ಅರ್ಜಿ ಹೋಗುವುದು ಜಿಲ್ಲಾ ನೋಂದಣಾಧಿಕಾರಿಗೆ, ಉಪನೋಂದಣಿ ಕಚೇರಿಗಲ್ಲ. ಸಂಸ್ಥೆಯ ಹೆಸರು, ವ್ಯವಹಾರದ ಮುಖ್ಯ ಸ್ಥಳ, ಬೇರೆಡೆ ವ್ಯಾಪಾರವಿದ್ದರೆ ಆ ಸ್ಥಳಗಳು, ಪ್ರತಿಯೊಬ್ಬರೂ ಸೇರಿದ ದಿನಾಂಕ, ಪೂರ್ಣ ಹೆಸರು, ಕಾಯಂ ವಿಳಾಸ, ಪಾಲುದಾರಿಕೆಯ ಅವಧಿ ಬರೆದು ಮೂವರೂ ಸಹಿ ಮಾಡಬೇಕು. ಅರ್ಜಿ ತಿರುಗಿ ಬರುವುದು ಸಣ್ಣ ಕಾರಣಗಳಿಗೆ: ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ, ಪ್ಯಾನ್‌ನಲ್ಲಿ ತಂದೆಯ ಹೆಸರು ಪೂರ್ತಿ, ಪತ್ರದಲ್ಲಿ ಒಂದು ದಿನಾಂಕ, ಅರ್ಜಿಯಲ್ಲಿ ಇನ್ನೊಂದು, ಆಲೆಮನೆಯ ಚೆಸ್ಕಾಂ ಬಿಲ್ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವುದು. ಜಾಗದ ಈಗಿನ ಹಕ್ಕುದಾರರ ಒಪ್ಪಿಗೆ ಪತ್ರವನ್ನು ಮೊದಲೇ ಜೋಡಿಸಿ. ಸರ್ಕಾರದ ಮಾನ್ಯತೆ ಇದೆಯೆಂದು ಅನಿಸುವ ಹೆಸರೂ ಬೇಡ.

ಪತ್ರವನ್ನೂ ಇನ್ನೊಮ್ಮೆ ಓದಿ. ಲಾಭದ ಪಾಲು ಬರೆದಿಲ್ಲವಾದರೆ, ಯಾರು ಎಷ್ಟೇ ಬಂಡವಾಳ ಹಾಕಿರಲಿ, ಕಾನೂನು ಸಮ ಪಾಲು ಎನ್ನುತ್ತದೆ. ಒಬ್ಬರು ತೀರಿಕೊಂಡರೂ ಸಂಸ್ಥೆ ಮುಂದುವರಿಯುತ್ತದೆ ಎಂಬ ಸಾಲಿಲ್ಲದಿದ್ದರೆ ಅಂದೇ ಅದು ವಿಸರ್ಜನೆಯಾಗುತ್ತದೆ. ಈ ಎರಡು ಸಾಲುಗಳಿಗಾಗಿಯೇ ಪತ್ರವನ್ನು ಮತ್ತೆ ಬರೆಸಬೇಕಾಗಿ ಬಂದರೂ ಬರೆಸಿ.

ಪ್ರಶ್ನೆ: ನಾನೂ ತಮ್ಮನೂ ಅಗರಬತ್ತಿ ವ್ಯಾಪಾರದ ಪಾಲುದಾರರು. 17 ವರ್ಷದ ಮಗನನ್ನೂ ಸೇರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಪಾಲುದಾರನಾಗಿ ಆಗದು. ಇಬ್ಬರೂ ಒಪ್ಪಿದರೆ ಲಾಭದ ಪಾಲಿಗೆ ಮಾತ್ರ ಸೇರಿಸಬಹುದು. ಆಗ ನಷ್ಟಕ್ಕೆ ಹೊಣೆ ಸಂಸ್ಥೆಯಲ್ಲಿರುವ ಅವನ ಪಾಲು ಮಾತ್ರ, ಅವನ ಸ್ವಂತ ಆಸ್ತಿಯಲ್ಲ. ಎಚ್ಚರ ಬೇಕಿರುವುದು 18 ತುಂಬಿದ ಮೇಲೆ. ಪಾಲುದಾರನಾಗುತ್ತೇನೋ ಇಲ್ಲವೋ ಎಂದು ಅವನು 6 ತಿಂಗಳೊಳಗೆ ಸಾರ್ವಜನಿಕ ಸೂಚನೆ ಕೊಡಬೇಕು. ನೋಂದಾಯಿತ ಸಂಸ್ಥೆಯಾದರೆ ನೋಂದಣಾಧಿಕಾರಿಗೆ ತಿಳಿಸಿ, ರಾಜ್ಯಪತ್ರದಲ್ಲೂ ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲೂ ಪ್ರಕಟಿಸಬೇಕು. ಸುಮ್ಮನಿದ್ದರೆ ತಾನಾಗಿ ಪಾಲುದಾರನಾಗುತ್ತಾನೆ, ಸೇರಿದ ದಿನದಿಂದ ಸಂಸ್ಥೆ ಮಾಡಿದ ಸಾಲಕ್ಕೂ ವೈಯಕ್ತಿಕವಾಗಿ ಹೊಣೆಯಾಗುತ್ತಾನೆ. ಒಂದು ವರ್ಷ ಕಾಯುವುದೇ ಮೇಲು ಎಂಬುದು ನಮ್ಮ ಸಲಹೆ.

ಪ್ರಶ್ನೆ: ಉದ್ಯಮ್ ಪ್ರಮಾಣಪತ್ರ ಇದ್ದರೆ ಸಂಸ್ಥೆಯ ನೋಂದಣಿ ಬೇಕೇ?
– ಓದುಗರು, ಮದ್ದೂರು

ಉತ್ತರ: ಪಾಲುದಾರಿಕೆಯಾದರೆ ಬೇಕು. ನಿಮ್ಮದು ಸಣ್ಣ ಉದ್ದಿಮೆ ಎಂದು ಗುರುತಿಸುವುದಷ್ಟೇ ಉದ್ಯಮ್‌ನ ಕೆಲಸ. ಜಿಎಸ್‌ಟಿ ಸಂಖ್ಯೆಯೂ ಹಾಗೆಯೇ ತೆರಿಗೆಗೆ ಮಾತ್ರ. 69ನೇ ಸೆಕ್ಷನ್‌ನ ತಡೆಯನ್ನು ಎರಡೂ ತೆಗೆಯುವುದಿಲ್ಲ. ಅಂದಹಾಗೆ, ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ. ಅದಕ್ಕೆ ಶುಲ್ಕ ಕೇಳುವ ಜಾಲತಾಣ ಸರ್ಕಾರದ್ದಲ್ಲ.