ಗರ್ಭಿಣಿ ಅಂತ ಹೇಳಿದ ಮೇಲೆ ರಾಜೀನಾಮೆ ಕೇಳಿದರೆ ಏನು ಮಾಡಬೇಕು?

ಐದು ತಿಂಗಳು ಅಂತ ತಿಳಿಸಿದ ಮರುವಾರವೇ ಎಚ್‌ಆರ್‌ನವರು ಕರೆದು "ನೀವೇ ರಾಜೀನಾಮೆ ಕೊಟ್ಟುಬಿಡಿ" ಅಂದರು, ಅದೂ ಕಾಂಟ್ರಾಕ್ಟ್ ಕೆಲಸ ಅಂತ ಬರೆದಿದ್ದೀರಿ. ಮೊದಲು ಒಂದು ಮಾತು: ಆ ಕಾಗದಕ್ಕೆ ಸಹಿ ಹಾಕಬೇಡಿ. ಹಾಕಿದರೆ "ಅವರೇ ಬಿಟ್ಟು ಹೋದರು" ಅಂತ ಹೇಳೋದು ಅವರಿಗೆ ಸುಲಭ, ಬಲವಂತ ಇತ್ತು ಅಂತ ತೋರಿಸೋದು ಆಮೇಲೆ ನಿಮ್ಮ ತಲೆನೋವು.

ಬದಲಿಗೆ ಅವತ್ತೇ ಸಂಜೆ ಒಂದು ಮೇಲ್ ಹಾಕಿ: "ಇವತ್ತು 3 ಗಂಟೆಗೆ ರಾಜೀನಾಮೆ ಕೇಳಿದಿರಿ, ಕಾರಣ ನನ್ನ ಬಸಿರು ಅಂದಿರಿ, ನಾನು ಕೊಡುವುದಿಲ್ಲ." ಒಂದು ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಇರಲಿ, ಯಾಕೆಂದರೆ ಆಫೀಸಿನ ಲಾಗಿನ್ ಯಾವಾಗ ಬೇಕಾದರೂ ಬಂದ್ ಆಗಬಹುದು.

ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳ ಸಹಿತ ರಜೆ ನಿಮ್ಮ ಹಕ್ಕು (ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ). ಬಸಿರಿನಲ್ಲಿ ಕೆಲಸದಿಂದ ತೆಗೆದರೂ ಈ ಹಣ ತಪ್ಪಿಸುವ ಹಾಗಿಲ್ಲ. ರಜೆಯಲ್ಲಿದ್ದಾಗ ತೆಗೆಯುವುದಂತೂ ಕಾನೂನುಬಾಹಿರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ರಕ್ಷಣೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ.

ಕಾಂಟ್ರಾಕ್ಟ್ ಮುಗಿಯುತ್ತೆ ಅಂತ ಹೆದರಿಸುತ್ತಾರೆ, ಅಲ್ವಾ? ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದಿನಗೂಲಿಯವರಿಗೂ ಇದು ಸಲ್ಲುತ್ತದೆ ಅಂತ 2000ದಲ್ಲೇ ಹೇಳಿತ್ತು.

ತೆಗೆದೇಬಿಟ್ಟರೆ ಆದೇಶ ಕೈಗೆ ಬಂದ 60 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಮೇಲ್ಮನವಿ ಹಾಕಿ. ಸ್ಕ್ಯಾನ್ ವರದಿ, ಸಂಬಳದ ಚೀಟಿ, ಆ ಮೇಲ್ ಜೊತೆಗಿರಲಿ.