25ಕ್ಕ ಕಬಡ್ಡಿ ಬಿಟ್ಟು ಇಂಜಿನಿಯರಿಂಗ್ ಮಾಡಾಕ ಆಗ್ತೈತೇನ್ರಿ?

ಆಗ್ತೈತ್ರಿ. ನೀವು ಹಾವೇರಿ ಕಡೆಯವರು, ಎರಡು ಸೀಸನ್ ಕಾಂಟ್ರಾಕ್ಟ್ ಮ್ಯಾಲ ಕಬಡ್ಡಿ ಆಡೀರಿ, ಮೊಣಕಾಲಿನ ಒಳಗಿನ ಎಸಿಎಲ್ ಅನ್ನೂ ಲಿಗಮೆಂಟ್ ಹರದು ಆಪರೇಷನ್ ಆಗೇತಿ, ಪಿಯುಸಿ ಸೈನ್ಸ್ ಪಾಸಾದ ಮ್ಯಾಲ ಪುಸ್ತಕ ಮುಟ್ಟಿಲ್ಲ, ಈಗ 25ಕ್ಕ ಸುರು ಮಾಡಿದ್ರ ಯಾರರ ಕೆಲಸ ಕೊಡ್ತಾರೇನು ಅಂತ ಕೇಳೀರಿ. ನಾನು ಗದಗ-ಬೆಟಗೇರಿಯವ, ಸೈಕ್ಲಿಂಗ್ ಮಾಡತಿದ್ದೆ, ಒಂದು ಇಲಾಖೆ ಟೀಮಿನಿಂದ ಸ್ಟೈಪೆಂಡ್ ತಗೊಂಡು ರೇಸ್ ಹೊಡದು, ಆಮ್ಯಾಲ ಡಿಪ್ಲೊಮಾ, ಅದರ ಮ್ಯಾಲ ಬಿಇ ಮೆಕ್ಯಾನಿಕಲ್ ಮಾಡಿ ಈಗ ಧಾರವಾಡದಾಗ ಗಾಡಿ ಪಾರ್ಟ್ಸ್ ಮಾಡೋ ಫ್ಯಾಕ್ಟರಿಯೊಳಗ ಕ್ವಾಲಿಟಿ ಡಿಪಾರ್ಟ್‌ಮೆಂಟಿನಾಗ ಅದೀನಿ. ಹಿಂಗಾಗಿ ಈ ಪ್ರಶ್ನೆಗೆ ಸ್ವಲ್ಪ ಉದ್ದನ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಇಂಥಾ ಮಾತು ಬಂದ ಕೂಡ್ಲೇ ಎಲ್ಲಾರೂ ಕುಂಬ್ಳೆ ಹೆಸರು ತಗೀತಾರ, ಆರ್‌ವಿ ಕಾಲೇಜಿನಾಗ ಮೆಕ್ಯಾನಿಕಲ್ ಮುಗಿಸಿದವರು, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ. ಅವರಂದ್ರ ನನಗೂ ಭಾಳ ಅಭಿಮಾನ, ಆದ್ರ ಅವರು ಓದ್ಕೋತ ಆಡಿದವರು, ನಾವು ಆಟಕ್ಕಂತ ಓದು ಬಿಟ್ಟವರು, ದಾರಿ ಬ್ಯಾರೇನ ಐತಿ. ನಮ್ಮಂಥವರಿಗೆ ಅಡ್ಡ ಬರೂದು ವಯಸ್ಸಲ್ರಿ, ಮ್ಯಾಥ್ಸ್. ಫಸ್ಟ್ ಇಯರ್ ಮ್ಯಾಥ್ಸ್ ದಾಟಿದ್ರ ಉಳಿದದ್ದು ದುಡಿದ್ರ ಬರ್ತೈತಿ, ಮತ್ತ ದುಡಿಯೂದು ನಿಮಗ ಹೊಸಾದಲ್ಲ. ಅದಕ್ಕ ಯಾವ ಕಾಲೇಜು ಅಂತ ಹುಡುಕೂಕಿಂತ ಮೊದಲು ಪಿಯುಸಿ ಮ್ಯಾಥ್ಸ್ ಪುಸ್ತಕ ತಗೊಂಡು ಟ್ರಿಗ್ನಾಮೆಟ್ರಿ, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಇಷ್ಟ ದಿನಾ ಮುಂಜಾನೆ ಪ್ರಾಕ್ಟೀಸಿನ ಟೈಮಿಗೇ ಕುಂತು ಮಾಡ್ರಿ, ಆ ಹೊತ್ತಿಗೆ ಏಳೂ ರೂಢಿ ನಿಮಗ ಐತಿ, ಅದನ್ನ ಹಾಳು ಮಾಡ್ಕೋಬ್ಯಾಡ್ರಿ.

ಮ್ಯಾಥ್ಸ್ ನನಗ ತಿಳಿಯಾಕ ಹತ್ತಿದ್ದು ಸೈಕಲ್ಲಿನಿಂದನ. ನಾವು ಜೂನಿಯರ್ ಇದ್ದಾಗ ಗೇರಿಗೆ ಮಿತಿ ಇತ್ತು, ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದ್ರ ಸೈಕಲ್ 7.93 ಮೀಟರಿಗಿಂತ ಜಾಸ್ತಿ ಹೋಗಬಾರದು, ರೇಸ್ ಮುಗಿದ ಮ್ಯಾಲ ನೆಲದ ಮ್ಯಾಲ ಎರಡು ಗೆರಿ ಹಾಕಿ ಸೈಕಲ್ ಹಿಂದಕ್ಕ ಉರುಳಿಸಿ ಅಳೀತಿದ್ರು, ಗೆರಿ ದಾಟಿದ್ರ ಗೆದ್ದದ್ದೂ ಹೋಗ್ತಿತ್ತು. ಮುಂದ 52 ಹಲ್ಲು, ಹಿಂದ 14 ಹಲ್ಲು, ಭಾಗಿಸಿದ್ರ 3.71, ಅದಕ್ಕ ಗಾಲಿ ಸುತ್ತಳತಿ ಗುಣಿಸಿದ್ರ ಮಿತಿ ಹತ್ರ ಬಂದು ನಿಲ್ತೈತಿ. ಇನ್ನ ನಿಮಿಷಕ್ಕ 90 ಸಲ ತುಳದ್ರ ತಾಸಿಗೆ ಹತ್ತಿರ ಹತ್ತಿರ 43 ಕಿಲೋಮೀಟರ್ ಸ್ಪೀಡ್, ಇದನ್ನ ನಾವು ಲಕ್ಕುಂಡಿ ರೋಡಿನಾಗ ಬಾಯಿಲೇ ಲೆಕ್ಕಾ ಹಾಕ್ತಿದ್ವಿ. ಡಿಪ್ಲೊಮಾದಾಗ ಗೇರ್ ರೇಶಿಯೋ ಪಾಠ ಬಂದಾಗ ಬಾಜೂಕ ಕುಂತ ಹುಡುಗರು ಫಾರ್ಮುಲಾ ಬಾಯಿಪಾಠ ಮಾಡಾತಿದ್ರು, ನನಗ ಅದು ಕಾಲಿಗೇ ಗೊತ್ತಿತ್ತು. ನಿಮಗೂ ಹಂಗ ಐತ್ರಿ. ಆ್ಯಂಕಲ್ ಹೋಲ್ಡ್ ಹಾಕೂ ಮುಂದ ರೇಡರಿನ ತೂಕ ಯಾವ ಕಾಲಿನ ಮ್ಯಾಲ ಬಿದ್ದೈತಿ ಅಂತ ನೋಡಿನ ಹಿಡೀತೀರಿ ಅಲ್ಲ, ಸೆಂಟರ್ ಆಫ್ ಗ್ರಾವಿಟಿ, ಮೊಮೆಂಟ್ ಅಂತ ಮಾಸ್ತರ ಬೋರ್ಡ್ ಮ್ಯಾಲ ಬರಿಯೂದು ಅದನ್ನ.

ಈಗ ದಾರಿ. ನೇರ ಸಿಇಟಿ ಬರದು ಬಿಇ ಸೇರಬೇಕಂದ್ರ ಪಿಯುಸಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 45% ಬೇಕು, ಮೀಸಲಾತಿ ಇದ್ದವರಿಗೆ 40%. ನೀವು ಮಾರ್ಕ್ಸ್ ಕಡಿಮಿ ಅದಾವು ಅಂದೀರಿ, ಮೊದಲ ಅದನ್ನ ನೋಡ್ಕೋರಿ. ಸ್ಪೋರ್ಟ್ಸ್ ಕೋಟಾ ಐತಿ ಖರೇ, ಆದ್ರ ಸೀಟು ಭಾಳ ಕಡಿಮಿ, ಅದನ್ನ ನಂಬಿ ಕೂಡಬ್ಯಾಡ್ರಿ. ಇನ್ನೊಂದು ಡಿಪ್ಲೊಮಾ, ಪಿಯುಸಿ ಸೈನ್ಸ್ ಆದವರು ನೇರ ಎರಡನೇ ವರ್ಷಕ್ಕ ಸೇರಬಹುದು, ಅದು ಮುಗಿದ ಮ್ಯಾಲ ಡಿಸಿಇಟಿ (ಡಿಪ್ಲೊಮಾ ಆದವರಿಗಿರೂ ಪ್ರವೇಶ ಪರೀಕ್ಷೆ) ಬರದು ಬಿಇ ಎರಡನೇ ವರ್ಷ, ಅಂದ್ರ ಎರಡು ಪ್ಲಸ್ ಮೂರು, ಐದು ವರ್ಷ. ನೇರ ಬಿಇಕಿಂತ ಒಂದು ವರ್ಷ ಜಾಸ್ತಿ ಆಗ್ತೈತಿ, ಆದ್ರೂ ನಾನು ಡಿಪ್ಲೊಮಾನ ಮಾಡ್ರಿ ಅಂತೀನಿ. ಯಾಕಂದ್ರ ಎರಡು ವರ್ಷಕ್ಕ ಕೈಯಾಗ ಒಂದು ಸರ್ಟಿಫಿಕೇಟ್ ಬರ್ತೈತಿ, ಮನ್ಯಾಗ ಕಷ್ಟ ಬಂದ್ರ ಅಲ್ಲೇ ನಿಂತು ಕೆಲಸಕ್ಕ ಸೇರಬಹುದು, ರೈಲ್ವೆ ಜೂನಿಯರ್ ಇಂಜಿನಿಯರ್ ಪರೀಕ್ಷೆಗೂ ಡಿಪ್ಲೊಮಾ ನಡೀತೈತಿ, ಬಿಇ ನಡುವ ಬಿಟ್ರ ಡಿಗ್ರಿ ಸಿಗೂದಿಲ್ಲ. ಆಮ್ಯಾಲ ಬಿಇ ಮಾಡಾಕ ನಿಮ್ಮ ಹಾವೇರಿ ದೇವಗಿರಿಯೊಳಗ ಸರ್ಕಾರಿ ಕಾಲೇಜ್ ಐತಿ. ಮಷಿನ್ ಮ್ಯಾಲ ಕೈ ಆಡಿಸೂ ಆಸೆ ಇದ್ರ ಹುಬ್ಬಳ್ಳಿಯ ಸರ್ಕಾರಿ ಟೂಲ್ ಟ್ರೇನಿಂಗ್ ಸೆಂಟರ್ ಜಿಟಿಟಿಸಿನೂ ವಿಚಾರಿಸ್ರಿ, ಟೂಲ್ ಅಂಡ್ ಡೈ (ಪಾರ್ಟ್ಸ್ ಮಾಡೋ ಅಚ್ಚು, ಸಾಧನ ತಯಾರಿಸೂ ಕೆಲಸ) ಕಲಿತವರನ್ನ ಇಲ್ಲಿ ಫ್ಯಾಕ್ಟರಿಯವರು ಹುಡುಕ್ಕೊಂಡು ಹೋಗ್ತಾರ. ಯಾರರ ಎಎಂಐಇ (ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನವರ ಪರೀಕ್ಷೆ) ಮಾಡು, ಮನ್ಯಾಗ ಕುಂತು ಬಿಇ ಆಗ್ತೈತಿ ಅಂದ್ರ ಒಪ್ಪಬ್ಯಾಡ್ರಿ, 2013ರ ಮೇ 31ರ ನಂತರ ಹೆಸರು ಹಚ್ಚಿದವರದು ಸರ್ಕಾರದ ಲೆಕ್ಕದಾಗ ಬಿಇಗೆ ಸಮಾನ ಅಲ್ಲ.

ಕ್ಲಾಸಿನಾಗ ಹುಡುಗರು ನಿಮಗಿಂತ ಏಳೆಂಟು ವರ್ಷ ಸಣ್ಣವರು ಇರ್ತಾರ, ಅಣ್ಣಾ ಅಂತಾರ, ಮೊದಲ ಒಂದು ತಿಂಗಳು ಕಸಿವಿಸಿ, ಆಮ್ಯಾಲ ಅವರ ಜೋಡಿನ ಕುಂತು ಸಂಜಿಮಟ ಪ್ರಾಬ್ಲೆಮ್ ಬಿಡಿಸ್ತೀರಿ.

ವರ್ಕ್‌ಶಾಪ್ ಬಗ್ಗೆ ಒಂದು ಹೇಳಬೇಕು. ಸೈಕಲ್ ಗಾಲಿ ಔಟ್ ಆದ್ರ ನಾವು ಸ್ಪೋಕ್ ಚಾವಿ ಹಿಡ್ಕೊಂಡು, ಗಾಲಿ ತಿರುಗಿಸಿ, ರಿಮ್ ಬ್ರೇಕ್ ರಬ್ಬರಿಗೆ ಎಲ್ಲಿ ತಾಗ್ತೈತಿ ನೋಡಿ, ಆ ಕಡೆ ಸಡ್ಲ ಮಾಡಿ ಈ ಕಡೆ ಬಿಗಿ ಮಾಡಿ ಸೀದಾ ಮಾಡ್ತಿದ್ವಿ. ಲೇಥ್ ಮಷಿನ್ ಮ್ಯಾಲ ಫೋರ್ ಜಾ ಚಕ್ಕಿನಾಗ (ನಾಲ್ಕು ದವಡಿಲೇ ಹಿಡಿಯೂ ಹಿಡಿಕಿಯೊಳಗ) ಜಾಬ್ ಕಟ್ಟಿ ಸೆಂಟರ್ ಮಾಡೂದೂ ಅದ ಕೆಲಸ, ರಬ್ಬರ್ ಬದ್ಲಿ ಡಯಲ್ ಗೇಜ್ ಇರ್ತೈತಿ, ಒಂದು ಗೆರಿ ಅಂದ್ರ 0.01 ಎಂಎಂ. ಮುಳ್ಳು ಯಾವ ಕಡೆ ಹೊಳ್ಳತೈತಿ ನೋಡ್ಕೋತ ಎದುರಾಬದುರಾ ಜಾ ಸಡ್ಲ ಬಿಗಿ ಮಾಡ್ಕೋತ ಬರಬೇಕು, ಅವಸರ ಮಾಡಿದವಂದು ಎಂದೂ ಸೆಂಟರ್ ಆಗೂದಿಲ್ಲ. ಆವತ್ತು ನನಗ ಈ ಕೆಲಸ ನಂದು ಅನಿಸ್ತು, ಇವತ್ತೂ ಶಾಫ್ಟ್ ರನ್‌ಔಟ್, ಅಂದ್ರ ತಿರುಗೂ ಮುಂದ ಎಷ್ಟು ಅಲುಗ್ತೈತಿ ಅಂತ, ಚೆಕ್ ಮಾಡೂ ಮುಂದ ಅಷ್ಟ ಖುಷಿ ಆಗ್ತೈತಿ.

ಇಂಟರ್‌ವ್ಯೂದಾಗ ಆಟದ ವರ್ಷ ಮುಚ್ಚಿಡಬ್ಯಾಡ್ರಿ, ಹಂಗಂತ ಶಿಸ್ತು, ಟೀಮ್ ವರ್ಕ್ ಅಂತನೂ ಹೇಳಬ್ಯಾಡ್ರಿ, ಅದನ್ನ ಎಲ್ಲಾರೂ ಹೇಳ್ತಾರ. ನೀವು ಮ್ಯಾಚ್ ವಿಡಿಯೋ ನೋಡಿ ಒಬ್ಬ ರೇಡರ್ ಯಾವ ಕಡೆ ಜಾಸ್ತಿ ಹೋಗ್ತಾನ ಅಂತ ಬರದಿಟ್ಟಿದ್ರ, ಅದನ್ನ ಹೇಳ್ರಿ. ಏನು ಅಳತಿ ಮಾಡಿದ್ರಿ, ಅದರಿಂದ ಏನು ಬದ್ಲು ಮಾಡಿದ್ರಿ, ಇದು ಕ್ವಾಲಿಟಿ ಕೆಲಸದವರಿಗೆ ತಟ್ಟನ ತಿಳೀತೈತಿ, ನಾವೂ ದಿನಾ ಅದನ್ನ ಮಾಡ್ತೀವಿ.

ಕಡೀ ಮಾತು ನಿಮ್ಮ ಮೊಣಕಾಲಿಂದು. ಪ್ರೊಡಕ್ಷನ್ ಶಿಫ್ಟ್ ಅಂದ್ರ ಸೇಫ್ಟಿ ಶೂ ಹಾಕ್ಕೊಂಡು ಎಂಟು ತಾಸು ಕಾಂಕ್ರೀಟ್ ನೆಲದ ಮ್ಯಾಲ ನಿಂದರೂದು, ಮ್ಯಾಟ್ ಮ್ಯಾಲ ಆಡಿದಂಗಲ್ಲ. ಅದಕ್ಕ ಬ್ರಾಂಚ್ ಆರಿಸೂ ಮೊದಲ ನಿಮ್ಮ ಆಪರೇಷನ್ ಮಾಡಿದ ಡಾಕ್ಟರಿಗೆ ಇದನ್ನ ಹಿಂಗ ಬಿಡಿಸಿ ಹೇಳಿ ಕೇಳ್ರಿ. ನಿಂದ್ರೂ ಕೆಲಸ ಬ್ಯಾಡ ಅಂದ್ರ ಮೆಕ್ಯಾನಿಕಲ್ ಬಿಡೂದು ಬೇಕಾಗಿಲ್ಲ, ಡಿಸೈನ್ ಕಡೆ ಕ್ಯಾಡ್ (ಕಂಪ್ಯೂಟರಿನಾಗ ಪಾರ್ಟಿನ ಚಿತ್ರ ಬರಿಯೂದು) ಕಲಿಯಬಹುದು, ಇಲ್ಲಾಂದ್ರ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಅದಾವು. ಡಾಕ್ಟರ್ ಏನಂದ್ರು ಇಲ್ಲೇ ಕೆಳಗ ಬರೀರಿ, ಅದರ ಮ್ಯಾಲ ಯಾವ ಬ್ರಾಂಚ್ ಅಂತ ಮಾತಾಡೂಣು.